ಒಂದು ಕೂದಲೆಳೆ ಬಿಗಿ

ಜೀಪು ಮಗುಚಿದ್ದು ಬಂಡೆಯಿಂದಲೂ ಅಲ್ಲ, ಓಡಿಸಿದವನಿಂದಲೂ ಅಲ್ಲ. ಅದರ ಅಡಿಯ ಬುಷ್ ಬಿಗಿಯಾಗಿತ್ತು. ಅದನ್ನು ಬಿಗಿಯಾಗಿ ಕಡೆದವರು ಪಕ್ಕದ ಶೆಡ್ಡಿನ ಬೊಂಬೆ ಭಾಯಿ. ಬಿಗಿ ಇದೆ ಎಂದು ಕೈಗೆ ಗೊತ್ತಾದ ಮೇಲೂ ಬಾಯಿ ಬಿಡದೆ ಕಳಿಸಿದವಳು ನಾನು. ಜನರಿಗೆ ಗೊತ್ತಿರುವುದು ಮೊದಲರ್ಧ ಮಾತ್ರ.

ಹೋದ ವಾರ ಹಿತ್ತಲಿನ ಡ್ರಮ್ ಬಗ್ಗಿಸಿ ತೊಳೆಯುತ್ತಿದ್ದೆ. ಮಂಡಿ ನೋವಿನವಳು ಅಂಥ ಕೆಲಸಕ್ಕೆ ಹೋಗಬಾರದು, ಆದರೆ ನೀರು ನಾರುತ್ತಿತ್ತು. ಆ ಡ್ರಮ್ ಭಾಯಿಯ ಲೇತ್ ಶೆಡ್ಡಿನದು. ಅವರು ತೀರಿಕೊಂಡ ಮೇಲೆ ಮನೆಯವರು ರಾಮನಗರಕ್ಕೆ ಹೋದರು, ಹೋಗುವಾಗ ಅದನ್ನು ನನಗೆ ಬಿಟ್ಟುಹೋದರು. ಮಳೆ ನೀರು ಹಿಡಿಯಲು ಇಟ್ಟುಕೊಂಡಿದ್ದೆ, ಒಂದು ದಿನವೂ ತಳ ನೋಡಿದವಳಲ್ಲ. ಅಂದು ಕೆಸರಿನೊಳಗೆ ಕೈಗೆ ಗಟ್ಟಿಯಾಗಿ ಏನೋ ಸಿಕ್ಕಿತು. ಗೇಣುದ್ದ ಕಬ್ಬಿಣದ ಪೈಪಿನ ತುಂಡು. ಅದರೊಳಗೆ ಹಳದಿಗಟ್ಟಿದ ನೈಲಾನ್ ಬಳೆ. ಬಳೆಯೊಳಗೆ ತುಕ್ಕು ಹಿಡಿದ ಪಿನ್ನು. ಮೂರೂ ಒಂದಕ್ಕೊಂದು ಕಚ್ಚಿಕೊಂಡಿದ್ದವು. ತಿರುಗಿಸಿದೆ, ತಿರುಗಲಿಲ್ಲ. ಒದ್ದೆ ಕೈಯಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ...

ಭಾಯಿಯ ಶೆಡ್ಡು ನಮ್ಮ ಗೋಡೆಗೆ ಆನಿಕೊಂಡೇ ಇತ್ತು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರಿಗೆ ಬರವಿಲ್ಲ, ಆದರೆ ಭಾಯಿಯ ಉಳಿ ಓಡುವುದೇ ಬೇರೆ. ಆಲೆಮರದ ತುಂಡು ಲೇತಿಗೆ ಕೊಟ್ಟು ಎರಡು ಸಲ ಉಳಿ ಆಡಿಸಿದರೆ ಬುಗುರಿ ಆಗಿರುತ್ತಿತ್ತು. ನಾನು ಅವರ ಹತ್ತಿರ ಮೆರುಗಿನ ಕೆಲಸಕ್ಕೆ ಇದ್ದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುವುದು, ಬಿಸಿಗೆ ಬಣ್ಣ ಕರಗಿ ಹಿಡಿದ ಮೇಲೆ ಒಣ ಕೇದಿಗೆ ಗರಿಯಿಂದ ಉಜ್ಜುವುದು, ಕೊನೆಗೆ ಗಾಲಿ ಸಿಕ್ಕಿಸಿ ತಿರುಗಿಸಿ ನೋಡಿ ಬುಟ್ಟಿಗೆ ಹಾಕುವುದು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆ ಕೆಲಸಕ್ಕೆ ಅಷ್ಟೂ ಬೇಡ.

ಅವರ ಹತ್ತಿರ ಸ್ಕೇಲು ಇರಲಿಲ್ಲ. ತೆಂಗಿನ ಗರಿಯ ಕಡ್ಡಿಗೆ ಗೀರು ಹಾಕಿಕೊಂಡು ಅದರಲ್ಲೇ ಅಳೆಯುತ್ತಿದ್ದರು. ಅಳೆದ ಮೇಲೆ ಒಂದು ಕೂದಲೆಳೆ ಜಾಸ್ತಿ ಬಿಡುತ್ತಿದ್ದರು. ಮರ ಒಣಗಿದರೆ ಕುಗ್ಗುತ್ತದೆ, ಇಂದು ಸರಿಯಾಗಿ ಕೂತ ಅಚ್ಚು ತಿಂಗಳಿಗೆ ಸಡಿಲವಾಗಿ ಗಾಲಿ ಬಿದ್ದುಹೋಗುತ್ತದೆ. ಅದಕ್ಕೇ ಒಸಿ ಬಿಗಿಯಾಗಿಯೇ ಕಡೆಯಬೇಕು. ಇದು ಅವರಪ್ಪ ಕಲಿಸಿದ್ದು, ಅವರು ನನಗೆ ಕಲಿಸಿದ್ದು. ಗಾಲಿ ಹೋಗದಿದ್ದರೆ ಮರದ ಕೊಡತಿಯಿಂದ ಒಂದು ಏಟು ಕೊಟ್ಟು ಕೂರಿಸುತ್ತಿದ್ದೆ. ಒಣಗಿದ ಮೇಲೆ ತಾನೇ ಸಲೀಸಾಗುತ್ತಿತ್ತು.

ಜೀಪಿನ ಕೆಲಸ ನಾವು ಹುಡುಕಿಕೊಂಡು ಹೋದದ್ದಲ್ಲ. ಕನಕಪುರದಲ್ಲಿ ಕಲ್ಲಿನ ಯಾರ್ಡ್ ಇಟ್ಟಿರುವವನೊಬ್ಬ, ಆಗ ಮೂವತ್ತರ ಆಸುಪಾಸು, ರಜೆ ಬಂದರೆ ಹಳೇ ಜೀಪು ತೆಗೆದುಕೊಂಡು ಸ್ನೇಹಿತರ ಜೊತೆ ಬಂಡೆ ಹತ್ತಿಸುತ್ತಿದ್ದ. ದಾರಿ ಇರುವಲ್ಲಿ ಓಡಿಸಿದರೆ ಅವರಿಗೆ ಸಮಾಧಾನವಿಲ್ಲ. ಒಂದು ದಿನ ಅವನ ಜೀಪು ನಮ್ಮ ಬೀದಿಯಲ್ಲಿ ಕುಂಟುತ್ತಾ ಬಂದು ನಿಂತಿತು. ಜೀಪಿನ ಅಡಿಯ ಸ್ಪ್ರಿಂಗು, ಅದೇ ಕಮಾನು ಪಟ್ಟಿ, ಅದರ ತುದಿಯಲ್ಲಿ ಒಂದು ಕಣ್ಣು, ಅಂದರೆ ತೂತು, ಇರುತ್ತದೆ, ಅದರೊಳಗೆ ರಬ್ಬರಿನ ಬಳೆ, ಬಳೆಯೊಳಗೆ ಪಿನ್ನು. ಗಾಲಿ ಹಳ್ಳಕ್ಕೆ ಇಳಿದು ಹತ್ತುವಾಗ ಪಟ್ಟಿ ಆ ಪಿನ್ನಿನ ಮೇಲೆ ತೂಗಾಡಬೇಕು. ಆ ಬಳೆಗೇ ಬುಷ್ ಅನ್ನುವುದು. ಜೀಪು ಎತ್ತರವಾಗಲಿ ಎಂದು ಅವನು ಉದ್ದನೆಯ ಕೊಂಡಿ, ದಪ್ಪನೆಯ ಪಿನ್ನು ಮಾಡಿಸಿ ಹಾಕಿಸಿದ್ದ. ಅದಕ್ಕೆ ಹೊಂದುವ ಬುಷ್ ಯಾವ ಅಂಗಡಿಯಲ್ಲೂ ಇರಲಿಲ್ಲ. ಇದ್ದ ರಬ್ಬರು ನುಚ್ಚುನುಚ್ಚಾಗಿತ್ತು.

"ಭಾಯ್, ಇಂಥದ್ದೊಂದು ಬಳೆ ಕಡ್ಕೊಡ್ತೀರಾ?"

"ನಾನು ಬೊಂಬೆ ಕಡೆಯೋನಪ್ಪ."

"ಬೊಂಬೆ ಅಂದ್ಕೊಂಡೇ ಕಡೀರಿ. ಮನೆ ಮುಟ್ಟುದ್ರೆ ಸಾಕು."

ಭಾಯಿ ನಕ್ಕು ಆಲೆಮರದಲ್ಲೇ ಒಂದು ಬಳೆ ಕಡೆದು ಎಣ್ಣೆ ಕುಡಿಸಿ ಕೊಟ್ಟರು. ಆ ಮರದ ಬಳೆಯ ಮೇಲೆ ಜೀಪು ಕನಕಪುರ ಮುಟ್ಟಿತು. ಮುಂದಿನ ವಾರ ಅವನು ತೋಳುದ್ದದ ನೈಲಾನ್ ಕೋಲು ಹೊತ್ತುಕೊಂಡು ಬಂದ. ಅಲ್ಲಿಂದ ಶುರು. ಮಾಗಡಿ ಕಡೆಯಿಂದ, ಬೆಂಗಳೂರಿನಿಂದ ಜೀಪುಗಳು ಬರತೊಡಗಿದವು. ಒಂದೊಂದಕ್ಕೂ ಒಂದೊಂದು ಅಳತೆ. ಬೊಂಬೆ ಕೇಳುವವರು ಕಡಿಮೆಯಾಗಿದ್ದ ಕಾಲ ಅದು. ಭಾಯಿ ಬೆಳಗ್ಗೆ ಬೇಗ ಶೆಡ್ಡು ತೆಗೆಯುತ್ತಿದ್ದರು, ಕೆಮ್ಮುತ್ತಲೇ ಹಾಡಿಕೊಳ್ಳುತ್ತಿದ್ದರು. ಆ ಬುಷ್‌ಗಳಿಗೂ ನಾನು ಗರಿ ಉಜ್ಜಿ ಮೆರುಗು ಕೊಡುತ್ತಿದ್ದೆ.

"ಕೆಸ್ರಲ್ಲಿ ಹೂತೋಗೋ ಸಾಮಾನಿಗೆ ಇಷ್ಟು ಮಿಂಚು ಯಾಕಕ್ಕಾ?" ಎಂದು ಕನಕಪುರದವನು ರೇಗಿಸುತ್ತಿದ್ದ.

"ಮಿಂಚಿಲ್ದೆ ಈ ಮನೆಯಿಂದ ಒಂದ್ ಬುಗುರಿನೂ ಆಚೆ ಹೋಗಕ್ಕಿಲ್ಲ, ಸುಮ್ಕಿರು."

"ಅಂಗಾದ್ರೆ ಕೆಂಪು ಬಣ್ಣನೂ ಬಳ್ದುಬುಡಿ, ಒಂದ್ ಕಣ್ಣು ಮೂಗು ಬರ್ದುಬುಡಿ!"

ಮೊದಮೊದಲು ಹಳೇ ಬುಷ್ಷನ್ನು ಪಕ್ಕದಲ್ಲೇ ಇಟ್ಟುಕೊಂಡು ಅದರಂತೆಯೇ ಕಡೆಯುತ್ತಿದ್ದರು, ತೊಂದರೆ ಆಗಲಿಲ್ಲ. ಕೈ ಪಳಗಿದ ಮೇಲೆ ಹಳೆಯದನ್ನು ನೋಡುವುದು ಬಿಟ್ಟರು. ಕೈ ತನ್ನ ಅಭ್ಯಾಸಕ್ಕೆ ತಾನು ಹೋಯಿತು. ಕನಕಪುರದವನಿಗೆ ಮಳೆಗಾಲಕ್ಕೆ ಮುಂಚೆ ಹೊಸ ಸೆಟ್ಟು ಕಡೆಯುವಾಗ ಒಂದು ಕೂದಲೆಳೆ ಜಾಸ್ತಿ ಬಿಟ್ಟರು. ಮರಕ್ಕೆ ಬಿಡುವ ಹಾಗೆ.

ಪಿನ್ನು ಹಾಕಿ ತಿರುಗಿಸಿ ನೋಡುವುದು ನನ್ನ ಕೆಲಸ. ಪಟ್ಟಿಯ ಕಣ್ಣಿನಷ್ಟೇ ಅಳತೆಯ ಪೈಪಿನ ತುಂಡೊಂದಿತ್ತು, ಬುಷ್ಷನ್ನು ಅದರೊಳಗೆ ಕೂರಿಸಿ ಪಿನ್ನು ತೂರಿಸಬೇಕು. ಮೂರು ಸರಿಯಾಗಿ ಹೋದವು. ನಾಲ್ಕನೆಯದು ಹೋಗಲಿಲ್ಲ. ನಾನು ಕೊಡತಿ ತೆಗೆದುಕೊಂಡು ಒಂದು ಏಟು ಹಾಕಿದೆ. ಹೋಯಿತು. ತಿರುಗಿಸಿದರೆ ಎರಡು ಕೈ ಬೇಕಾಯಿತು.

ಭಾಯಿ ಲೇತಿನ ಹತ್ತಿರದಿಂದ ಕೇಳಿದರು. "ಎಲ್ಲಾ ಸಲೀಸಾಗಿ ತಿರುಗ್ತಾ ಅಕ್ಕಾ?"

"ತಿರುಗ್ತು."

ಯಾಕೆ ಹಾಗೆಂದೆ ಎಂದು ಯಾರಾದರೂ ಕೇಳಿದರೆ ದೊಡ್ಡ ಕಾರಣವಿಲ್ಲ. ಸೊಂಟ ನೋಯುತ್ತಿತ್ತು. ಮೆರುಗು ಚೆನ್ನಾಗಿ ಬಂದಿತ್ತು, ಮತ್ತೆ ಲೇತಿಗೆ ಕೊಟ್ಟರೆ ಗೀರು ಬೀಳುತ್ತಿತ್ತು. ಓಡಾಡಿದರೆ ತಾನೇ ಸಡಿಲವಾಗುತ್ತದೆ ಎಂದುಕೊಂಡೆ. ಬೊಂಬೆ ಗಾಲಿಗೆ ಹಾಗೇ ಆಗುತ್ತಿತ್ತಲ್ಲ.

ನೈಲಾನು ಮರವಲ್ಲ. ಅದು ಒಣಗಿ ಕುಗ್ಗುವುದಿಲ್ಲ, ನೀರು ಕುಡಿದು ಉಬ್ಬುತ್ತದೆ. ನಮ್ಮಿಬ್ಬರಿಗೂ ಅದು ಗೊತ್ತಿರಲಿಲ್ಲ. ಆ ಮಳೆಗಾಲವೆಲ್ಲ ಕನಕಪುರದವನು ಜೀಪನ್ನು ಹಳ್ಳಗಳಲ್ಲೇ ಓಡಿಸಿದ. ಸುತ್ತ ಕಬ್ಬಿಣದ ಕಣ್ಣು, ಹೊರಗೆ ಉಬ್ಬಲು ಜಾಗವಿಲ್ಲ. ಉಬ್ಬಿದ್ದೆಲ್ಲ ಒಳಕ್ಕೆ ಬಂದು ಪಿನ್ನನ್ನು ಕಚ್ಚಿತು. ಪಟ್ಟಿ ತೂಗಾಡುವುದು ನಿಂತಿತು. ಸಾವನದುರ್ಗದ ಕಡೆ ಒಂದು ಬಂಡೆ ಇಳಿಸುವಾಗ ಪಿನ್ನು ತುಂಡಾಗಿ ಜೀಪು ಪಕ್ಕಕ್ಕೆ ಮಗುಚಿತು. ಅವನ ಎಡಭುಜದ ಮೂಳೆ ಮುರಿಯಿತು.

ಸುದ್ದಿ ತಂದವರೆಲ್ಲ ಅವನನ್ನೇ ಬೈದರು. ಜೋರಾಗಿ ಇಳಿಸಿದ, ಅಡ್ಡ ತಿರುಗಿಸಿದ ಎಂದರು. ಆಸ್ಪತ್ರೆಯಲ್ಲಿ ಮಲಗಿ ಅವನೂ ತನ್ನದೇ ತಪ್ಪು ಎಂದುಕೊಂಡಿದ್ದನಂತೆ. ಭಾಯಿ ಮಾತ್ರ ಆ ಸೆಟ್ಟಿಗೆಂದು ಕಡೆದು ಉಳಿದಿದ್ದ ಒಂದು ಬುಷ್ಷನ್ನು ಪೈಪಿನ ತುಂಡಿಗೆ ಕೂರಿಸಿ, ಪಿನ್ನು ಹಾಕಿ, ತಂತಿ ಕಟ್ಟಿ ಡ್ರಮ್ಮಿನ ನೀರಿಗೆ ಇಳಿಬಿಟ್ಟರು. ದಿನಾ ಬೆಳಗ್ಗೆ ಎತ್ತಿ ತಿರುಗಿಸಿ ನೋಡುತ್ತಿದ್ದರು, ಮತ್ತೆ ಇಳಿಬಿಡುತ್ತಿದ್ದರು. ಮೊದಲು ಒಂದು ಕೈಗೆ ತಿರುಗುತ್ತಿತ್ತು. ಆಮೇಲೆ ಎರಡು ಕೈ. ಎಂಟನೇ ದಿನ ತಿರುಗಲಿಲ್ಲ.

ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. "ಅವತ್ತು ನಾಲ್ಕೂ ಸಲೀಸಾಗೇ ತಿರುಗಿದ್ವಲ್ಲಾ ಅಕ್ಕಾ?"

ಆಗಲೂ ಹೇಳಬಹುದಿತ್ತು... "ಹೂಂ" ಅಂದೆ.

"ಅಂಗಾದ್ರೆ ತಪ್ಪು ನಂದು. ಹೋಗಿ ಹೇಳ್ಬರ್ತೀನಿ."

"ನಿಮ್ಗೇನು ತಲೆ ಕೆಟ್ಟೈತಾ ಭಾಯಿ? ಯಾರೂ ನಿಮ್ಮನ್ನ ಕೇಳಿಲ್ಲ. ಅವ್ನೇ ತನ್ ತಪ್ಪು ಅಂತವ್ನೆ."

"ಅದಕ್ಕೇ ಅಲ್ವಾ ಹೋಗೋದು. ಕೈ ಮುರ್ಕೊಂಡೋನು ಅವ್ನು, ತಪ್ಪೂ ಅವ್ನೇ ಹೊರ್ಬೇಕಾ?"

"ಕೆಲ್ಸ ಹೋಯ್ತದೆ."

"ಹೋಗ್ಲಿ ಬುಡಿ."

ನಾನು ಆ ಮಾತು ಆಡಿದ್ದು ಅವರ ಕೆಲಸದ ಮೇಲಿನ ಕಾಳಜಿಯಿಂದ ಎಂದು ಅವರು ತಿಳಿದುಕೊಂಡರು. ನನಗೆ ನನ್ನ ಚಿಂತೆ. ಹೋಗಿ ಬಿಚ್ಚಿ ನೋಡಿದರೆ ಕೊಡತಿಯ ಏಟಿನ ಗುರುತು ಕಾಣುತ್ತದೇನೋ ಎಂದು.

ಹೋಗಿ ಹೇಳಿಬಂದರು. ಅವನು ಕೂಗಾಡಲಿಲ್ಲವಂತೆ, ಮುಖ ಗೋಡೆಗೆ ತಿರುಗಿಸಿಕೊಂಡನಂತೆ. ವಾಪಸು ಬಂದು ಭಾಯಿ ಆ ಪೈಪು, ಬುಷ್ಷು, ಪಿನ್ನು ಮೂರನ್ನೂ ಹಾಗೇ ಡ್ರಮ್ಮಿಗೆ ಹಾಕಿದರು. "ಎಷ್ಟು ಉಬ್ತದೋ ಉಬ್ಲಿ" ಎಂದರು. ಆಮೇಲೆ ಒಂದು ಜೀಪೂ ಬರಲಿಲ್ಲ. ಬೊಂಬೆ ಮಾಡುವವನ ಹತ್ತಿರ ಹೋದದ್ದೇ ತಪ್ಪು ಎಂದು ಜೀಪಿನವರೆಲ್ಲ ಆಡಿಕೊಂಡರು. ಭಾಯಿ ಮತ್ತೆ ಮಣಿ, ಬುಗುರಿಗೆ ಇಳಿದರು. ಬುಗುರಿಯ ಮೊಳೆಯನ್ನೂ ಎರಡೆರಡು ಸಲ ಅಳೆಯುತ್ತಿದ್ದರು. ಅದು ಮೊದಲಿನ ಉಳಿಯಾಗಿರಲಿಲ್ಲ. ಹಾಡು ನಿಂತಿತು, ಕೆಮ್ಮು ಉಳಿಯಿತು.

ಕೊನೆಯ ದಿನಗಳಲ್ಲಿ ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ಪಕ್ಕದಲ್ಲಿ ಕೂತು ಮಳೆ, ನೀರು, ಸೊಸೈಟಿ ಅಕ್ಕಿ ಎಲ್ಲ ಮಾತಾಡಿದೆ. ಇದೊಂದು ಆಡಲಿಲ್ಲ. ಸಾಯುವವರಿಗೆ ಯಾಕೆ ಹೇಳಬೇಕು ಎಂದುಕೊಂಡೆ. ಅದು ನೆಪ. ಅವರು ಸತ್ತು ನಾಲ್ಕು ವರ್ಷ. ತಪ್ಪು ಪೂರ್ತಿ ತನ್ನದೇ ಎಂದುಕೊಂಡು ಹೋದರು. ಅದನ್ನು ಇನ್ನು ಯಾರೂ ಸರಿಮಾಡಲಾರರು, ನಾನೂ ಸೇರಿ.

ಡ್ರಮ್ಮಿನಲ್ಲಿ ಅದು ಸಿಕ್ಕ ದಿನ ಒರೆಸಿ ಕಿಟಕಿಯ ಮೇಲಿಟ್ಟೆ. ಸಂಜೆಯವರೆಗೂ ಎದುರಿಗೇ ಇತ್ತು.

ಮರುದಿನ ಬೆಳಗ್ಗೆ ಅದನ್ನು ಹಳೇ ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದೆ. ಹೆಂಗಸರಿಗೆ ಬಸ್ಸು ಫ್ರೀ ಆಗಿ ಎಷ್ಟು ದಿನವಾಯಿತು, ಹೋಗಬೇಕಾದ ಜಾಗ ಬಿಟ್ಟು ಎಲ್ಲಾ ಕಡೆ ಹೋಗಿ ಬಂದಿದ್ದೆ. ರಾಮನಗರದಲ್ಲಿ ಇಳಿದು ಕನಕಪುರದ ಬಸ್ಸಿಗೆ ನಿಂತೆ. ಸೀಟು ಸಿಗಲಿಲ್ಲ. ಅವನ ಕಲ್ಲಿನ ಯಾರ್ಡು ಹುಡುಕಲು ಕಷ್ಟವಾಗಲಿಲ್ಲ. ಅವನ ತಲೆ ನರೆತಿತ್ತು. ಎಡಗೈ ಭುಜದ ಮೇಲಕ್ಕೆ ಏಳುವುದಿಲ್ಲ, ಕುರ್ಚಿಯನ್ನು ಬಲಗೈಯಲ್ಲಿ ಎಳೆದು ಹಾಕಿದ. ಗುರುತು ಹಿಡಿದ.

"ಮಿಂಚಿನಕ್ಕ ಅಲ್ವಾ? ಏನಕ್ಕಾ, ಇಷ್ಟು ದೂರ?"

ಟವೆಲ್ ಬಿಚ್ಚಿ ಮೇಜಿನ ಮೇಲಿಟ್ಟೆ. ನಾಲ್ಕನೆಯ ಪಿನ್ನು, ಕೊಡತಿಯ ಏಟು, ಭಾಯಿ ಕೇಳಿದ್ದು, ನಾನು ಅಂದದ್ದು, ಎಲ್ಲವನ್ನೂ ಹೇಳಿದೆ. ಅವನು ಪಿನ್ನು ಹಿಡಿದು ತಿರುಗಿಸಲು ನೋಡಿದ. ತಿರುಗಲಿಲ್ಲ. ಮತ್ತೆ ಮೇಜಿನ ಮೇಲಿಟ್ಟ.

"ಈಗ್ಯಾಕಕ್ಕಾ ಇದು? ಭಾಯಿನೂ ಇಲ್ಲ. ನಾನ್ ಜೀಪು ಮಾರಿ ಯಾವ್ ಕಾಲ ಆಯ್ತು."

"ಜನಕ್ಕೆ ಈ ಕತೆ ಈಗ್ಲೂ ಹೇಳ್ತೀಯಾ?"

"ಕೈ ಏನಾಯ್ತು ಅಂತ ಕೇಳ್ದೋರ್ಗೆಲ್ಲ ಹೇಳ್ತೀನಿ. ಚನ್ನಪಟ್ಣದ ಬೊಂಬೆ ಭಾಯಿ ಬುಷ್ ಬಿಗಿಯಾಗಿ ಕಡ್ದಿದ್ರು ಅಂತ."

"ಇನ್ಮೇಲೆ ಹೇಳುವಾಗ ನನ್ನೂ ಸೇರ್ಸಿ ಹೇಳು" ಎಂದು, ಟವೆಲ್ ಮಡಚಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟೆ.