ಮರುಳಸಿದ್ದಯ್ಯ ಮೇಷ್ಟ್ರು ಎಸೆದ ಕಲ್ಲು

ಮಿಡಿಗೇಶಿಯ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಪಾಠ ಹೇಳಿದ ಮರುಳಸಿದ್ದಯ್ಯ ಮೇಷ್ಟ್ರು ಒಂದು ದಿನವೂ ಬೆತ್ತ ಹಿಡಿದವರಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಅಂಗಳದಲ್ಲಿ ಇರುವೆ ಸಾಲು ಕಂಡರೆ ಸುತ್ತಿಕೊಂಡು ಹೋಗುತ್ತಿದ್ದರು. ಮನೆಗೆ ನುಗ್ಗಿದ ಬೀದಿನಾಯಿಗೂ ‘ಹೋಗಪ್ಪ’ ಎನ್ನುವ ಗಂಡನನ್ನು ಕಟ್ಟಿಕೊಂಡು ಸಂಸಾರ ಮಾಡುವುದು ಹೇಗೆ ಎಂದು ಹೆಂಡತಿ ದಾಕ್ಷಾಯಣಮ್ಮ ನೆರೆಮನೆಯಲ್ಲಿ ಹೇಳಿಕೊಂಡು ನಗುತ್ತಿದ್ದರು.

ಪ್ಲೇಗಿನ ವರ್ಷ ಪಕ್ಕದ ಹಳ್ಳಿಯಲ್ಲಿ ಮೊದಲು ಇಲಿ ಬಿದ್ದವು, ಆಮೇಲೆ ಜನ. ಬಂದ ಮಾರಿಯನ್ನು ಸಾಗಹಾಕುವುದಕ್ಕೆ ಆ ಕಡೆ ಒಂದು ಪದ್ಧತಿಯಿತ್ತು. ಮೊರದಲ್ಲಿ ಅರಿಸಿನ, ಕುಂಕುಮ, ಬೇವು, ಹಳೆಯ ಸೀರೆ ಇಟ್ಟು, ಹೆಂಗಸೊಬ್ಬಳ ತಲೆಯ ಮೇಲೆ ಹೊರಿಸಿ, ಪಕ್ಕದೂರಿನ ಎಲ್ಲೆಯೊಳಗೆ ಇಟ್ಟು ಬರುವುದು. ಅಲ್ಲಿಗೆ ಮಾರಿ ಆ ಊರಿನವರ ಪಾಲು. ಮಿಡಿಗೇಶಿಯವರು ಬಿಡುತ್ತಾರೆಯೇ? ದೊಣ್ಣೆ ಹಿಡಿದು ಎಲ್ಲೆಯಲ್ಲಿ ಕಾವಲು ಕೂತರು.

ಹೊಡೆದಾಟವಾದೀತೆಂದು ಮೇಷ್ಟ್ರು ತಾವಾಗಿಯೇ ಅಲ್ಲಿಗೆ ಹೋದರು. ರೋಗ ಹರಡುವುದು ಇಲಿಯಿಂದ, ಮೊರದಿಂದಲ್ಲ ಎಂದು ಸರ್ಕಾರದ ಕಾಗದ ಓದಿ ಹೇಳಿದರು. ಪಟೇಲ ಪರ್ವತಯ್ಯನೂ ತಲೆದೂಗಿದ. ಅಷ್ಟರಲ್ಲಿ ಮೊರ ಹೊತ್ತ ಕೆಂಚಮ್ಮ ಎಂಬುವಳು ಎಲ್ಲೆಗಲ್ಲು ದಾಟಿ ಒಂದು ಹೆಜ್ಜೆ ಇಟ್ಟಳು. ದೊಣ್ಣೆಯವರು ಇನ್ನೂ ಬಾಯಿಬಿಟ್ಟು ನೋಡುತ್ತಿದ್ದಾಗಲೇ ಕಲ್ಲೊಂದು ಹೋಗಿ ಅವಳ ಹಣೆಗೆ ಬಿತ್ತು. ಎಸೆದವರು ಮೇಷ್ಟ್ರು. ರಕ್ತ ಸುರಿಸುತ್ತಾ ಅವಳು ತನ್ನೂರ ಕಡೆ ಓಡಿದಳು. ಮೇಷ್ಟ್ರು ಆಗಲೇ ಇನ್ನೊಂದು ಕಲ್ಲಿಗೆ ಬಗ್ಗಿದ್ದರು.

ಆ ವರ್ಷ ಮಿಡಿಗೇಶಿಯಲ್ಲಿ ಇಲಿ ಬೀಳಲಿಲ್ಲ. ಊರು ಉಳಿಸಿದವರು ಮೇಷ್ಟ್ರೇ ಎಂದು ಜನ ಕೊಂಡಾಡಿದರು, ಪರ್ವತಯ್ಯ ಶಾಲು ಹೊದಿಸಿದ. ನಾನು ಮಾಡಿದ್ದು ತಪ್ಪು ಎಂದು ಅವರು ಗೋಗರೆದರೆ, ದೊಡ್ಡವರ ವಿನಯವೆಂದರೆ ಇದಪ್ಪ ಎಂದು ಇನ್ನಷ್ಟು ಹೊಗಳಿದರು. ಪಾಪ, ಹೊಗಳಿಸಿಕೊಂಡೇ ಮೇಷ್ಟ್ರು ಸೊರಗಿಹೋದರು. ಆ ಹೆಂಗಸು ಒಂದು ಸಲ ಕ್ಷಮಿಸಿದರೆ ಸಾಕು, ನಿದ್ದೆ ಬರುತ್ತದೆ ಎಂದುಕೊಂಡರು.

ಸುಗ್ಗಿ ಮುಗಿದ ಮೇಲೆ ಕೆಂಚಮ್ಮನ ಮನೆ ಹುಡುಕಿಕೊಂಡು ಹೋದರು. ಅವಳು ಗೋಡೆಗೆ ಬೆರಣಿ ತಟ್ಟುತ್ತಿದ್ದಳು, ಹಣೆಯ ಮೇಲೆ ಕಲೆಯಿತ್ತು. ಮೇಷ್ಟ್ರು ಕೈಮುಗಿದು, ಎಸೆದವನು ನಾನೇ ಎಂದು ಹೇಳಿ ಕ್ಷಮೆ ಕೇಳಿದರು. ಅವಳಿಗೆ ಕೋಪವೇನೂ ಬರಲಿಲ್ಲ.

“ಬುಡಿ ಸ್ವಾಮಿ. ನನ್ ತಲೆ ಮ್ಯಾಲೆ ಮೊರ ಹೊರ್ಸಿದ್ದು ನನ್ ಗಂಡ್ನೇ. ಎದ್ರಿಕೆ ಅಂದ್ರೆ ಅಂಗೇಯ. ನೀವೂ ಎದ್ರಿ ಎಸೆದ್ಬುಟ್ರಿ, ಇನ್ನೇನು.”

ಹೂಂ ಎಂದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಿಜ ಹೇಳಿ, ನಿಜ ಹೇಳಿ ಎಂದು ಮಕ್ಕಳಿಗೆ ಕಲಿಸುತ್ತಾ ಬಂದ ಬಾಯಿ ಅದು.

“ಹೆದರಿಕೆ ಇರ್ಲಿಲ್ಲ ಕಣಮ್ಮ,” ಎಂದರು ಮೇಷ್ಟ್ರು. “ಕಲ್ಲು ತಾಗಿದಾಗ ನನಗೆ ಹಿತವಾಯ್ತು.”

ಕೆಂಚಮ್ಮ ಅವರ ಮುಖವನ್ನೇ ನೋಡುತ್ತಾ ಹಿಂದೆ ಸರಿದಳು. ಸೆಗಣಿಯ ಕೈಯಲ್ಲೇ ಒಳಗೆ ಹೋಗಿ, ನಡುಹಗಲಲ್ಲಿ ಬಾಗಿಲಿಗೆ ಅಗುಳಿ ಹಾಕಿಕೊಂಡಳು.