ಬೆನ್ನು ತಿರುಗಿಸಿ ಕುಳಿತ ಮಕ್ಕಳು

ಈ ಬರಹದಲ್ಲಿ ಕ್ರಮ ತಪ್ಪಿದ್ದರೆ, ಒಂದು ಮಾತು ಹೆಚ್ಚಾಗಿ ಇನ್ನೊಂದು ಬಿಟ್ಟುಹೋಗಿದ್ದರೆ ಓದುವವರು ದಯವಿಟ್ಟು ಮನ್ನಿಸಬೇಕು. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ತೀರಿಕೊಂಡ ಹಿರಿಯರ ಬಗ್ಗೆ ಬರೆಯುವಾಗ ಯಾವುದನ್ನು ಹೇಳಬೇಕು, ಯಾವುದನ್ನು ಮನೆಯೊಳಗೇ ಇಟ್ಟುಕೊಳ್ಳಬೇಕು ಎಂದು ಕೇಳಿ ತಿಳಿಯಲು ನನಗೆ ಯಾರೂ ಇಲ್ಲ.

ನನ್ನ ಸೋದರಮಾವನ ಬಲಗೈಯ ಕಿರುಬೆರಳಿನ ಹೊರ ಅಂಚು ಸದಾ ಕಪ್ಪಗಿರುತ್ತಿತ್ತು. ಕಾಗದದ ಮೇಲೆ ಆ ಅಂಚನ್ನೇ ಊರಿ ಬರೆಯುತ್ತಿದ್ದುದರಿಂದ ಪೆನ್ಸಿಲಿನ ಪುಡಿ, ಇಂಡಿಯನ್ ಇಂಕು ಎಲ್ಲವೂ ಅಲ್ಲಿಗೇ ಬಂದು ಸೇರುತ್ತಿದ್ದವು. ಊಟಕ್ಕೆ ಕೂರುವ ಮೊದಲು ಸೀಮೆಎಣ್ಣೆ ಹಚ್ಚಿ, ಸೋಪು ಹಚ್ಚಿ, ಕಡೆಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರು. ಅತ್ತೆ ತಟ್ಟೆ ಇಡುತ್ತಾ, "ಸಾಕು ಬಿಡ್ರಿ, ಅದು ನಿಮ್ಮ ಹುಟ್ಟುಮಚ್ಚೆ ಅಂತ ನಾನು ಎಂದೋ ಒಪ್ಕಂಡೀನಿ," ಎನ್ನುತ್ತಿದ್ದರು.

ಹೊಳಲ್ಕೆರೆಯ ಬಸ್ ನಿಲ್ದಾಣದ ಹಿಂದೆ ಮಾವನದು ಬೋರ್ಡ್ ಬರೆಯುವ ಅಂಗಡಿ. ಗೊಬ್ಬರದ ಅಂಗಡಿಯ ಹೆಸರು, ಟ್ರ್ಯಾಕ್ಟರ್ ಟ್ರೇಲರಿನ ಹಿಂದಿನ ನವಿಲು, ಶಾಲೆಯ ಗೋಡೆಯ ಗಾದೆಮಾತು, ಎಲ್ಲವನ್ನೂ ಬರೆದರು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಿಂತುಹೋಯಿತು. ಆ ಕಾಲದಲ್ಲಿ ಒಂದು ಅಂಗನವಾಡಿಯ ಗೋಡೆಗೆ ಅವರು ಬರೆದಿದ್ದ ಕಾಗೆಗಳನ್ನು ಮಕ್ಕಳ ಕತೆ ಬರೆಯುವ ಮೇಷ್ಟ್ರೊಬ್ಬರು ನೋಡಿದರು. ಒಂದೊಂದು ಕಾಗೆಯೂ ಒಂದೊಂದು ಥರ ಕುಳಿತಿರುವುದನ್ನು ಕಂಡು ತಮ್ಮ ಪುಸ್ತಕಕ್ಕೆ ಚಿತ್ರ ಬರೆದುಕೊಡಿ ಎಂದು ಕೇಳಿದರು. ಆ ಪುಸ್ತಕ ಬೆಂಗಳೂರಿನ ಒಬ್ಬ ಪ್ರಕಾಶಕರ ಕೈ ಸೇರಿ, ಮಾವ ಮಕ್ಕಳ ಪುಸ್ತಕಗಳ ಚಿತ್ರಕಾರರಾದರು. ಬೋರ್ಡೇ ಬರೆಯದ ಬೋರ್ಡ್ ಅಂಗಡಿ ಎಂದು ಊರವರು ನಗುತ್ತಿದ್ದುದು ಆಗಲೇ.

ಮಾವ ಎಂದೂ ಮುಖದಿಂದ ಶುರು ಮಾಡಿದವರಲ್ಲ. "ಮುಖಕ್ಕೆ ಸುಳ್ಳು ಹೇಳಾಕೆ ಬರ್ತೈತೆ, ಬೆನ್ನಿಗೆ ಬರಲ್ಲ. ಮನುಷ್ಯ ಹೆಂಗೆ ಕುಂತ್ಕಂತಾನೆ ಅಂತ ಮೊದ್ಲು ನೋಡು," ಎನ್ನುತ್ತಿದ್ದರು. ನೋಡಿದ್ದನ್ನು ಬಿಟ್ಟು ಬೇರೆ ಬರೆಯುತ್ತಿರಲಿಲ್ಲ. ಕತೆಯಲ್ಲಿ ಎಮ್ಮೆ ಬಂದರೆ ಹಾಲು ಹಾಕುವ ಅಜ್ಜಿಯ ಎಮ್ಮೆಯೇ ಬರಬೇಕು. ಒಮ್ಮೆ ಆ ಅಜ್ಜಿ ಅಂಗಡಿಗೇ ಬಂದು ಸೊಂಟಕ್ಕೆ ಕೈಕೊಟ್ಟು ನಿಂತರು.

"ಏನ್ರಪ್ಪ, ಪುಸ್ತಕದಾಗೆ ನಮ್ಮೆಮ್ಮೆಗೆ ಕನ್ನಡಕ ಹಾಕೀರಂತೆ?"

"ಕತೆಯಾಗೆ ಅದು ಮೇಷ್ಟ್ರಮ್ಮ ಕಣಜ್ಜೀ."

"ಅದಕ್ಕೇ ಹೇಳ್ತೀನಿ. ಬೆಳಿಗ್ಗೆ ಹಾಲು ಕರೆಯಾಕೆ ಹೋದ್ರೆ ಲೆಕ್ಕ ತಪ್ಪಿದೋರನ್ನ ನೋಡಿದಂಗೆ ನನ್ನೇ ನೋಡ್ತೈತೆ!"

ಮಾವನಿಗೆ ಮಕ್ಕಳಿರಲಿಲ್ಲ. ಹಾಗಾಗಿ ಕತೆಗಳಲ್ಲಿ ಬರುವ ಮಕ್ಕಳಿಗೆ ನಾನು ಮತ್ತು ನನ್ನ ತಮ್ಮನೇ ಗತಿ. ಅಪ್ಪ ಚಿಕ್ಕಜಾಜೂರಿನಲ್ಲಿ ಹಳಿ ನೋಡಿಕೊಳ್ಳುವ ರೈಲ್ವೆ ಗ್ಯಾಂಗಿನಲ್ಲಿದ್ದರು. ಕ್ವಾರ್ಟರ್ಸಿನ ಜಗಲಿಯ ಮೇಲೆ ನಾವಿಬ್ಬರೂ ಜಗಳವಾಡುತ್ತಿದ್ದರೆ ಮಾವ ಎದುರಿಗೆ ಕುಳಿತು ಬರೆದುಕೊಳ್ಳುತ್ತಿದ್ದರು. ಅವ್ವನಿಗೆ ಮಾತ್ರ ಒಳಗೊಳಗೇ ಭಯ. ಎಳೆಯ ಮಕ್ಕಳ ಮುಖ ಊರೂರಿನವರ ಕೈಗೆ ಹೋಗುತ್ತದೆ, ಯಾರ ಕಣ್ಣು ಹೇಗೋ ಎಂದು. ಕೊನೆಗೆ ಒಂದು ಷರತ್ತು ಹಾಕಿದಳು.

"ಬರಿಯಣ್ಣ, ಬ್ಯಾಡ ಅನ್ನಲ್ಲ. ಆದ್ರೆ ಕೆನ್ನೆ ಮ್ಯಾಲೆ ದೃಷ್ಟಿಬೊಟ್ಟು ಇಟ್ಟೇ ಬರೀಬೇಕು."

"ಕತೆ ಒಳಗೆ ಕಾಡಿಗೆ ಹೋಗೋ ಮಕ್ಕಳಿಗೆ ಬೊಟ್ಟು ಯಾರು ಇಟ್ರು ಅಂತ ಕೇಳಿದ್ರೆ?"

"ಅವರವ್ವ ಇಟ್ಟಿದ್ಳು ಅನ್ನು."

ಮಾವ ಒಪ್ಪಿದರು. ಅಂದಿನಿಂದ ಅವರ ಪುಸ್ತಕದ ಮಕ್ಕಳೆಲ್ಲರ ಎಡಗೆನ್ನೆಯ ಮೇಲೂ ಕಾಡಿಗೆಯ ಒಂದು ಚುಕ್ಕೆ ಇರುತ್ತಿತ್ತು. ಕಾಡಿಗೆ ಹೋದರೂ, ಚಂದ್ರನ ಮೇಲೆ ಇಳಿದರೂ ಇರುತ್ತಿತ್ತು. ಅದು ಅವರ ರುಜುವಿನಂತೆಯೇ ಆಗಿಹೋಯಿತು.

ನಾನು ಆರನೇ ತರಗತಿಯಲ್ಲಿದ್ದಾಗ ಅಕ್ಕ ತಮ್ಮಂದಿರ ಕತೆಯ ಪುಸ್ತಕವೊಂದು ಬಂತು. ಮುಖಪುಟದ ಮೇಲೆ ನಾವಿಬ್ಬರೂ ಮಳೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ನಗುತ್ತಿದ್ದೆವು. ನನ್ನ ಕೆನ್ನೆಯ ಮೇಲೆ ಬೊಟ್ಟು ಇತ್ತು. ತಮ್ಮನ ಕೆನ್ನೆಯ ಮೇಲೆ ಇರಲಿಲ್ಲ. ಅಂದು ಅದನ್ನು ಯಾರೂ ಗಮನಿಸಲಿಲ್ಲ. ಅವ್ವ ಪುಸ್ತಕವನ್ನು ನೆರೆಮನೆಗಳಿಗೆಲ್ಲ ತೋರಿಸಿ ಬಂದಳು. ಆ ಮಳೆಗಾಲವೇ ತಮ್ಮನಿಗೆ ಮಿದುಳುಜ್ವರ ಬಂತು. ಚಿತ್ರದುರ್ಗದ ಆಸ್ಪತ್ರೆಗೆ, ಅಲ್ಲಿಂದ ದಾವಣಗೆರೆಗೆ ಒಯ್ದರು. ಜೀವ ಉಳಿಯಿತು. ಎಡಗಿವಿ ಪೂರ್ತಿ ಹೋಯಿತು.

ಅವನನ್ನು ಮನೆಗೆ ಕರೆತಂದ ದಿನ ಮಾವ ಎಳನೀರು ಹಿಡಿದು ಬಂದರು. ಅವ್ವ ಆ ಪುಸ್ತಕವನ್ನು ಅವರ ಮುಂದೆ ಇಟ್ಟಳು.

"ಮಗಳಿಗೆ ಇಟ್ಟೆ. ಮಗನಿಗೆ ಇಡಾಕೆ ನಿನ್ನ ಕೈಗೆ ಏನಾಗಿತ್ತಣ್ಣ?"

ಮಾವ ಪುಟವನ್ನು ಬೆಳಕಿಗೆ ಹಿಡಿದು ನೋಡಿದರು. "ಇಟ್ಟಿದ್ದೆ ತಂಗೀ. ಕಂಪ್ಯೂಟರ್‌ನಾಗೆ ಚೊಕ್ಕ ಮಾಡೋವಾಗ ಪ್ರೆಸ್ಸಿನೋರು ಇಂಕು ಸಿಡಿದೈತೆ ಅಂತ ಅಳಿಸಿಬಿಟ್ಟವ್ರೆ."

"ಒಂದು ಅಳಿಸಿ ಒಂದು ಉಳಿಸ್ತಾರೇನು? ನಿನಗೆ ಮಕ್ಕಳಿದ್ದಿದ್ರೆ ಮರೀತಿರಲಿಲ್ಲ ಬಿಡು."

ಮಾವ ಪುಸ್ತಕವನ್ನು ಮುಚ್ಚಿದರು. ಎಳನೀರನ್ನು ಬಾಗಿಲ ಬಳಿ ಇಟ್ಟು ಹೋದರು. ನಾನು ಬಾಗಿಲ ಹಿಂದೆ ನಿಂತು ನನ್ನ ಎಡಗೆನ್ನೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಬೊಟ್ಟಿಗೂ ಜ್ವರಕ್ಕೂ ಸಂಬಂಧವಿಲ್ಲವೆಂದು ಈಗ ನನಗೆ ಗೊತ್ತು. ಆದರೂ ಕಾಪಾಡಲ್ಪಟ್ಟವಳು ನಾನೊಬ್ಬಳೇ ಎಂಬ ಅಳುಕು ಅಂದು ಹೊಕ್ಕಿದ್ದು ಯಾವ ಓದಿನಿಂದಲೂ ಹೋಗಲಿಲ್ಲ.

ಅಲ್ಲಿಂದ ಮುಂದೆ ಮಾವ ಮಗುವಿನ ಮುಖ ಬರೆಯಲಿಲ್ಲ. ಪ್ರಕಾಶಕರು ಕೇಳಿದರೆ, "ಮಕ್ಕಳ ಮುಖ ನನ್ನ ಕೈಗೆ ಬರಲ್ಲ ಸ್ವಾಮಿ," ಎನ್ನುತ್ತಿದ್ದರು. ಮೇಕೆ, ಓತಿಕ್ಯಾತ, ಜೋಗಿಮಟ್ಟಿ ಕಾಡಿನ ಕರಡಿ ಇವನ್ನು ಬೇಕಾದಷ್ಟು ಬರೆದರು. ಕತೆಯಲ್ಲಿ ಮಗು ಬರಲೇಬೇಕಾದಾಗ ಅದನ್ನು ಬೆನ್ನು ತಿರುಗಿಸಿ ಕೂರಿಸುತ್ತಿದ್ದರು. ಕಾಲುವೆಯ ಕಡೆಗೋ ಗುಡ್ಡದ ಕಡೆಗೋ ನೋಡುತ್ತಾ ಕುಳಿತ ಮಕ್ಕಳು. ಅದರಿಂದಲೇ ಮಾವನಿಗೆ ಹೆಸರು ಬಂತು. ಓದುವ ಪ್ರತಿ ಮಗುವೂ ತನ್ನ ಮುಖವನ್ನು ಅಲ್ಲಿ ಇಟ್ಟುಕೊಳ್ಳಲಿ ಎಂಬುದು ಈ ಕಲಾವಿದರ ಆಶಯವೆಂದು ಪತ್ರಿಕೆಯೊಂದರಲ್ಲಿ ಬರೆದಿದ್ದರು. ಅದನ್ನು ಓದಿದಾಗ ನನಗೆ ತಲೆ ಎತ್ತಲಾಗಲಿಲ್ಲ. ಆ ಆಶಯ ಹುಟ್ಟಿದ್ದು ನಮ್ಮ ಮನೆಯಲ್ಲಿ, ಅವ್ವನ ಒಂದು ಮಾತಿನಿಂದ.

ಅವ್ವನಿಗೂ ಮಾವನಿಗೂ ಮಾತು ನಿಂತರೂ ಹೊಸ ಪುಸ್ತಕ ಬಂದಾಗಲೆಲ್ಲ ಒಂದು ಪ್ರತಿ ಬಸ್ ಕಂಡಕ್ಟರರ ಕೈಯಲ್ಲಿ ನಮ್ಮ ಮನೆಗೆ ಬರುತ್ತಿತ್ತು. ಅವ್ವ ಬಿಸಾಡುತ್ತಿರಲಿಲ್ಲ, ಬಿಡಿಸಿ ನೋಡುತ್ತಲೂ ಇರಲಿಲ್ಲ. ಅಟ್ಟದ ಮೇಲೆ ಇಡುತ್ತಿದ್ದಳು. ಅಟ್ಟ ಹತ್ತಿ ನಾನು ಅವನ್ನೆಲ್ಲ ಓದಿದೆ. ಪಠ್ಯವಲ್ಲದ ಪುಸ್ತಕವೆಂದು ನಮ್ಮ ಮನೆಗೆ ಬಂದದ್ದು ಅವು ಮಾತ್ರ. ನನ್ನ ಓದಿನ ಬೇರು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಕಾಲೇಜಿನ ಹೆಸರು ಹೇಳುತ್ತೇನಾದರೂ ಮನಸ್ಸಿನಲ್ಲಿರುವುದು ಆ ಅಟ್ಟ.

ಪದವಿ ಮುಗಿದಾಗ ಹೊಳಲ್ಕೆರೆಗೆ ಹೋಗಿ ಮಾವನ ಕಾಲಿಗೆ ನಮಸ್ಕರಿಸಿ, "ನನ್ನದೊಂದು ಚಿತ್ರ ಬರ್ಕೊಡು ಮಾವ," ಎಂದೆ. ಅವರು ಕಾಗದವನ್ನೂ ತೆಗೆದರು. ಆಮೇಲೆ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ನಿನ್ನೊಬ್ಬಳ್ನೇ ಬರೆದ್ರೆ ನಿನ್ನ ತಮ್ಮಂಗೆ ಏನನ್ನಿಸ್ತೈತೆ ಹೇಳು? ಬ್ಯಾಡವ್ವ. ಅತ್ತೆ ಒಬ್ಬಟ್ಟು ಮಾಡವ್ಳೆ, ಉಣ್ಣು."

ಅವ್ವ ಮಾವನ ನಡುವಿನ ಗಂಟನ್ನು ಬಿಡಿಸಿದವನು ನನ್ನ ತಮ್ಮ. ಅವನಿಗೆ ಮದುವೆಯಾಗಿ ಗಂಡುಮಗು ಹುಟ್ಟಿದ ವರ್ಷ, ಮಗುವಿಗೆ ತೋರಿಸೋಣವೆಂದು ಅಟ್ಟದ ಪುಸ್ತಕಗಳನ್ನು ಇಳಿಸಿದ. ಒಂದು ಪುಟದಲ್ಲಿ ಮಕ್ಕಳ ಸಾಲೊಂದು ಬೆನ್ನು ಮಾಡಿ ಕುಳಿತು ಕತೆ ಕೇಳುತ್ತಿತ್ತು. ಅವರಲ್ಲಿ ಒಬ್ಬ ಹುಡುಗ ಮಾತ್ರ, ನಾನು ಅಷ್ಟು ಸಲ ಓದಿಯೂ ಗಮನಿಸದವನು, ತಲೆಯನ್ನು ವಾರೆ ಮಾಡಿ ಬಲಗಿವಿಯನ್ನು ಮುಂದಕ್ಕೆ ಕೊಟ್ಟಿದ್ದ. ಇನ್ನೊಂದು ಪುಸ್ತಕ ತೆಗೆದರೆ ಅಲ್ಲೂ ಅವನೇ. ಮತ್ತೊಂದರಲ್ಲೂ ಅವನೇ.

"ಅಕ್ಕಾ, ಇವನು ನಾನು ಕಣೇ," ಎಂದ ತಮ್ಮ. ಅಡುಗೆಮನೆಗೆ ಹೋಗಿ ಪುಟ ತೆರೆದು ಅವ್ವನ ಮುಂದೆ ಹಿಡಿದ. "ನೋಡವ್ವ. ಮಾವ ನನ್ನ ಬಿಟ್ಟೇ ಇಲ್ಲ."

ಅವ್ವ ಬಹಳ ಹೊತ್ತು ನೋಡಿದಳು. ಒಲೆಯ ಮೇಲಿನ ಸಾರು ಉಕ್ಕಿತು. ಸೆರಗಿನಿಂದ ಮುಖ ಒರೆಸಿಕೊಂಡು, "ಹೋಗಾಣ ನಡೀರಿ," ಎಂದಳು.

ಹೊಳಲ್ಕೆರೆಯಲ್ಲಿ ಮಾವ ಮನೆಯ ಹೊರಗಡೆ ಕುರ್ಚಿಯಲ್ಲಿದ್ದರು. ಅಷ್ಟರಲ್ಲಿ ಅವರಿಗೆ ಕೈನಡುಕದ ಕಾಯಿಲೆ ಜೋರಾಗಿತ್ತು. ಅವ್ವನಿಗೆ ಅದು ಗೊತ್ತಿರಲಿಲ್ಲ. ಅವಳು ನೇರವಾಗಿ ಅವರ ಬಳಿಗೆ ಹೋದಳು. ಮೊಮ್ಮಗನನ್ನು ಎತ್ತಿ ಅವರ ಎದುರಿಗೆ ಹಿಡಿದಳು.

"ಅಣ್ಣ, ಇವನ ಮುಖ ಬರಿ. ನನ್ನ ಕಣ್ಮುಂದೆ ಬರಿ."

ಅತ್ತೆ ಹಲಗೆ, ಪೆನ್ಸಿಲು ತಂದುಕೊಟ್ಟರು. ಮಾವ ಪೆನ್ಸಿಲು ಹಿಡಿದರು. ಗೆರೆ ಎಲ್ಲೆಲ್ಲಿಗೋ ಓಡಿತು. ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದು ಮತ್ತೊಮ್ಮೆ ಎಳೆದರು. ಆಮೇಲೆ ಪೆನ್ಸಿಲನ್ನು ಮಗುವಿನ ಕೈಗೆ ಕೊಟ್ಟು ನಕ್ಕರು.

"ಇಷ್ಟು ವರ್ಷ ಬರಲ್ಲ ಅಂತ ಸುಳ್ಳು ಹೇಳ್ಕಂಡು ಬಂದೆ ತಂಗೀ. ಈಗ ನಿಜಕ್ಕೂ ಬರಲ್ಲ."

ಅವ್ವ ಅವರ ಎರಡೂ ಕೈಗಳನ್ನು ಹಿಡಿದು ಕುಳಿತಳು.  ಊರಿಗೆ ಹೊರಡುವ ಕಡೆಯ ಬಸ್ಸು ಬರುವವರೆಗೂ ಅವನ್ನು ಬಿಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಮಾವ ತೀರಿಕೊಂಡರು. ನಮ್ಮ ಕುಟುಂಬದಲ್ಲಿ ಆಮೇಲೆ ಆದ ಬದಲಾವಣೆಯನ್ನು ಇದ್ದಂತೆಯೇ ಹೇಳಿ ನಿಲ್ಲಿಸುತ್ತೇನೆ. ಅತ್ತೆ ಈಗ ನಮ್ಮೊಂದಿಗಿದ್ದಾರೆ. ಅವ್ವ ಮತ್ತು ಅವರು ಒಂದೇ ಅಡುಗೆಮನೆಯಲ್ಲಿ ಜಗಳವಾಡುತ್ತಾ ಅಡುಗೆ ಮಾಡುತ್ತಾರೆ. ಅಟ್ಟದ ಪುಸ್ತಕಗಳು ನಡುಮನೆಗೆ ಬಂದಿವೆ. ಮೊನ್ನೆ ತಮ್ಮನ ಮಗುವಿಗೆ ಮೈ ಸುಟ್ಟುಹೋಗುವಂಥ ಜ್ವರ ಬಂದಾಗ ಪಕ್ಕದ ಮನೆಯವರು ಬಂದು, ಯಾರ ಕಣ್ಣು ಬಿತ್ತೋ ಏನೋ ಎಂದರು. ಅವ್ವ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದಳು.

"ಯಾರ ಕಣ್ಣೂ ಅಲ್ಲ, ಜ್ವರ ಅದು. ಆಟೋ ಕರೀರಿ," ಎಂದಳು.