ಹಳೆಯ ಅಳತೆಯ ಕೋಟು

ನಮ್ಮ ಬೀದಿಯ ಟೈಲರಣ್ಣ ಒಮ್ಮೆ ಅಳತೆ ತೆಗೆದರೆ ಮುಗಿಯಿತು. ಗಿರಾಕಿ ಮೂರು ಸುತ್ತು ದಪ್ಪವಾದರೂ ಎರಡನೇ ಸಲ ಟೇಪು ಹಿಡಿಯುವುದಿಲ್ಲ. "ಪುಸ್ತಕದಲ್ಲಿದೆ ಬಿಡಿ" ಎನ್ನುತ್ತಾನೆ. ಆ ಪುಸ್ತಕದ ಪ್ರಕಾರ ನನ್ನ ಸೊಂಟ ಇನ್ನೂ ಮೂವತ್ತು. ಪ್ಯಾಂಟು ಒಪ್ಪುವುದಿಲ್ಲ, ಆದರೆ ಕೇಳಲು ಹಿತ.

ಅವನ ಹೆಂಡತಿ, ನನಗೆ ಅತ್ತಿಗೆ, ಗುಂಡಿಗೆ ಕಾಜಾ ಹಾಕುವುದರಲ್ಲಿ ಎತ್ತಿದ ಕೈ. ಸಿಗರೇಟಿನ ಹೊಗೆ ಕಂಡರೆ ಮೂಗು ಮುಚ್ಚುತ್ತಿದ್ದವಳಿಗೇ ಶ್ವಾಸಕೋಶದ ಕ್ಯಾನ್ಸರ್ ಬಂತು. ಸೂಜಿ ಚುಚ್ಚಿ ಗಡ್ಡೆಯ ಚೂರು ತೆಗೆದು ಪರೀಕ್ಷಿಸಿದ ಡಾಕ್ಟರು, ಅದರ ಜೀನಿನಲ್ಲಿದ್ದ ಒಂದು ದೋಷಕ್ಕೇ ಗುರಿಯಿಟ್ಟ ಔಷಧ ಕೊಟ್ಟರು. ದಿನಕ್ಕೊಂದು ಮಾತ್ರೆ, ಅಷ್ಟೇ. ಎರಡೇ ತಿಂಗಳಲ್ಲಿ ಅತ್ತಿಗೆ ಟೆರೇಸಿಗೆ ಹೋಗಿ ಬಟ್ಟೆ ಒಣಹಾಕುತ್ತ ಹಾಡತೊಡಗಿದಳು. ಅಪಸ್ವರವೇ, ಆದರೂ ಟೈಲರಣ್ಣ ಮಿಷನ್ ನಿಲ್ಲಿಸಿ ಕೇಳುತ್ತಿದ್ದ.

ಹದಿನಾಲ್ಕು ತಿಂಗಳು ಹಾಡಿದಳು. ಆಮೇಲೆ ಕೆಮ್ಮು ಮರಳಿತು. ಒಂದು ದಿನವೂ ಮಾತ್ರೆ ತಪ್ಪಿಸಿರಲಿಲ್ಲ.

"ನಿಮ್ಮ ತಪ್ಪಲ್ಲಮ್ಮ," ಎಂದರು ಡಾಕ್ಟರು. "ಗಡ್ಡೇನೇ ಬದಲಾಗಿದೆ, ಈ ಮಾತ್ರೆಗೆ ಬಗ್ತಿಲ್ಲ. ಮತ್ತೆ ಚೂರು ತೆಗೆದು ನೋಡೋಣ. ಹೊಸ ಬದಲಾವಣೆಗೆ ಬೇರೆ ಮಾತ್ರೆ ಇದ್ರೂ ಇರಬಹುದು."

"ಮತ್ತೆ ಆ ಸೂಜಿನಾ? ನನ್ನಿಂದಾಗಲ್ಲ," ಎಂದು ಅತ್ತಿಗೆ ಮನೆಗೆ ಬಂದುಬಿಟ್ಟಳು.

ಟೈಲರಣ್ಣ ಒತ್ತಾಯಿಸಲಿಲ್ಲ. "ಹಳೇ ಮಾತ್ರೇನೇ ಇರ್ಲಿ. ಅದಕ್ಕೆ ನಿನ್ನ ಮೈ ಗೊತ್ತು," ಎಂದ. ಚಳಿಗೆಂದು ಅವಳಿಗೊಂದು ಕೋಟು ಹೊಲಿಯಲು ಕೂತ. ಅಳತೆ? ಪುಸ್ತಕದಲ್ಲಿತ್ತು, ಹಾಡಿನ ದಿನಗಳದು.

ಕೋಟು ತೊಟ್ಟು ಅತ್ತಿಗೆ ಅಂಗಡಿಯ ಕನ್ನಡಿಯೆದುರು ನಿಂತಾಗ ನಾನೂ ಅಲ್ಲಿದ್ದೆ. ಗುಂಡಿ ಹಾಕಿದ ಮೇಲೂ ಒಳಗೆ ಇನ್ನೊಬ್ಬಳಿಗೆ ಜಾಗವಿತ್ತು.

"ಯಾರಿಗ್ರೀ ಹೊಲಿದಿದ್ದು ಇದು?"

"ನಿಂಗೇ ಕಣೇ."

"ನಂಗಲ್ಲ. ಟೆರೇಸಿನಲ್ಲಿ ಹಾಡ್ತಿದ್ದೋಳಿಗೆ."

ಟೈಲರಣ್ಣ ತುಟಿಯಲ್ಲಿ ಕಚ್ಚಿದ್ದ ಗುಂಡುಪಿನ್ನು ತೆಗೆದ. "ಅವಳು ವಾಪಸ್ ಬಂದ್ರೆ ಸರಿಹೋಗುತ್ತೆ ಅಂತ..."

"ನಂಗೂ ಅವಳು ಬೇಕು ರೀ. ಆದ್ರೆ ಈಗ ಇರೋಳು ನಾನು. ಟೇಪು ತಗೊಳ್ಳಿ."

ಅವನು ಎದೆಸುತ್ತಿಗೆ ಟೇಪು ಹಿಡಿದ. ಅಂಕಿ ಓದಿದ, ಮತ್ತೊಮ್ಮೆ ಓದಿದ. ಪುಸ್ತಕದಲ್ಲಿ ಹಳೆಯದನ್ನು ಹೊಡೆದುಹಾಕದೆ ಪಕ್ಕದಲ್ಲಿ ಹೊಸದನ್ನು ಬರೆದ.

"ನೀವೇ ಹೊಸ ಅಳತೆ ತಗೊಂಡಮೇಲೆ ಡಾಕ್ಟರಿಗೆ ಯಾಕೆ ಬೇಡ ಅನ್ನಲಿ? ನಾಳೆ ಹೋಗೋಣ," ಎಂದಳು ಅತ್ತಿಗೆ. "ಚುಚ್ಚೋ ಕೋಣೆ ಬಾಗಿಲ ತನಕ ಕೈ ಬಿಡಬಾರ್ದು, ಅಷ್ಟೇ."

ಸಂಜೆಯೊಳಗೆ ಟೈಲರಣ್ಣ ಕೋಟನ್ನು ಚಿಕ್ಕದು ಮಾಡಿದ. ಬಟ್ಟೆಗೆ ಮಾತ್ರ ಕತ್ತರಿ ಹಾಕಲಿಲ್ಲ. ಮಿಕ್ಕಿದ್ದನ್ನೆಲ್ಲ ಒಳಗೇ ಮಡಚಿ, ಬೇಕೆಂದಾಗ ಬಿಚ್ಚಲು ಬರುವಂತೆ, ಉದ್ದುದ್ದ ಹೊಲಿಗೆ ಹಾಕಿದ.